ಕೀಲಿ ತಿರುಗಿಸುವ ಮೊದಲು ನೀರು ಹುಡುಕಿ

ತಿಂಗಳುಗಟ್ಟಲೆ ಅಂಗಳದಲ್ಲೇ ನಿಂತ ಕಾರಿನ ಮಾಲೀಕರು ಗ್ಯಾರೇಜಿಗೆ ಫೋನ್ ಮಾಡಿದಾಗ ಆಡುವ ಮಾತು ಹೆಚ್ಚುಕಡಿಮೆ ಒಂದೇ: 'ಸೆಲ್ಫ್ ಹೊಡೀತಿಲ್ಲ, ಬ್ಯಾಟರಿ ಡೌನ್ ಆಗಿರಬೇಕು.' ಬ್ಯಾಟರಿ ಡೌನ್ ಆಗಿರುತ್ತದೆ, ನಿಜ. ಹೊಸದು ತಂದು ಕೂರಿಸಿ, ಕಾರು ಗುರ್ರೆಂದು ಎದ್ದರೆ ಕೆಲಸ ಮುಗಿಯಿತೆಂದು ಎಲ್ಲರೂ ಕೈ ತೊಳೆದುಕೊಳ್ಳುತ್ತಾರೆ. ಉತ್ತರ ಕನ್ನಡದ ಘಟ್ಟದ ಮೇಲಿನ ಈ ಭಾಗದಲ್ಲಿ, ಅಂದರೆ ಜೋಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡಗಳಲ್ಲಿ, ಹಾಗೆ ಕೈ ತೊಳೆದುಕೊಳ್ಳುವುದು ಅವಸರವಾದೀತು ಎಂಬುದು ನನ್ನ ವಾದ. ಇಲ್ಲಿ ನಿಂತ ಕಾರನ್ನು ಕೆಡಿಸುವುದು ಮುಖ್ಯವಾಗಿ ನೀರು. ಅದು ಬ್ರೇಕಿಗೆ, ಇಂಧನಕ್ಕೆ, ಎಂಜಿನ್ ಆಯಿಲಿಗೆ, ಕಾಲಡಿಯ ಹಾಸಿಗೆ, ತಂತಿಯ ಕೀಲುಗಳಿಗೆ ಸದ್ದಿಲ್ಲದೆ ಸೇರಿಕೊಂಡಿರುತ್ತದೆ. ಅದನ್ನು ಒಂದೊಂದು ಕಡೆಯೂ ಹುಡುಕಿ ಹೊರಗೆ ಹಾಕಿದ ಮೇಲಷ್ಟೇ ಕೀಲಿಯ ಸರದಿ. ಕಾರು ಹೊರಡುತ್ತದೋ ಇಲ್ಲವೋ ಎಂಬ ಪ್ರಶ್ನೆಗಿಂತ, ಹೊರಟ ಕಾರು ನಿಲ್ಲುತ್ತದೋ ಇಲ್ಲವೋ ಎಂಬ ಪ್ರಶ್ನೆ ದೊಡ್ಡದು.

ಈ ಸೀಮೆಗೆ ನೀರಿನ ನಂಟು ಹೊಸದಲ್ಲ. ಜೋಯಿಡಾ ತಾಲ್ಲೂಕಿಗೆ ಹಿಂದೆ ಸೂಪಾ ಎಂದೇ ಹೆಸರು. ಗಣೇಶಗುಡಿಯ ಬಳಿ ಕಾಳಿ ನದಿಗೆ ಕಟ್ಟಿದ 101 ಮೀಟರ್ ಎತ್ತರದ ಅಣೆಕಟ್ಟು 1987ರಲ್ಲಿ ಪೂರ್ಣಗೊಳ್ಳುವ ಹೊತ್ತಿಗೆ ಸೂಪಾ ಊರು ಹಿನ್ನೀರಿನಡಿ ಸೇರಿ, ಅಣೆಕಟ್ಟಿಗೆ ಮಾತ್ರ ಆ ಹೆಸರು ಉಳಿಯಿತು. ತಾಲ್ಲೂಕಿನ ಪಶ್ಚಿಮ ಅಂಚಿನ ಕ್ಯಾಸಲ್‌ರಾಕ್‌ನಲ್ಲಿ ಮಳೆ 5,000 ಮಿಲಿಮೀಟರ್ ದಾಟುವ ವರ್ಷಗಳಿವೆ. ಪೂರ್ವಕ್ಕೆ ಹಳಿಯಾಳ, ಮುಂಡಗೋಡಗಳತ್ತ ಬಂದರೆ ಅದರ ಸಣ್ಣ ಪಾಲು ಮಾತ್ರ. ಆದರೆ ಕಾರಿಗೆ ಮಳೆಯ ಪ್ರಮಾಣಕ್ಕಿಂತ ಅದು ಎಷ್ಟು ಕಾಲ ಒದ್ದೆಯಲ್ಲಿರುತ್ತದೆ ಎಂಬುದು ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಡಿನಂಚಿನ ಮನೆಯ ಮಾಡಿನಡಿ ನಿಂತ ವಾಹನಕ್ಕೆ ಮಳೆ ತಾಗದಿದ್ದರೂ ತೇವದ ಗಾಳಿ ತಪ್ಪುವುದಿಲ್ಲ. ಇಲ್ಲಿ ವಾಹನಗಳು ನಿಲ್ಲುವ ಕಾಲವೂ ಅದೇ. ಕಾಳಿಯ ರ‍್ಯಾಫ್ಟಿಂಗ್ ಮಳೆಗಾಲದಲ್ಲಿ ನಿಂತರೆ ರೆಸಾರ್ಟುಗಳ ಜೀಪುಗಳೂ ನಿಲ್ಲುತ್ತವೆ. ಗೋವೆಗೋ ಪುಣೆಗೋ ದುಡಿಯಲು ಹೋದವರ ಮನೆಯ ಕಾರು ಹಬ್ಬದವರೆಗೆ ಅಲುಗುವುದಿಲ್ಲ. ಮುಂಡಗೋಡದ ಟಿಬೆಟನ್ ಕ್ಯಾಂಪುಗಳ ಲೆಕ್ಕವೊಂದು ಬೇರೆ: ಸ್ವೆಟರ್ ವ್ಯಾಪಾರಕ್ಕೆ ಊರು ಬಿಡುವುದು ಚಳಿಗಾಲದಲ್ಲಿ, ಹಾಗಾಗಿ ಅಲ್ಲಿ ನಿಂತ ಗಾಡಿಗೆ ಕಾಟ ತೇವಕ್ಕಿಂತ ಧೂಳಿನದು.

ಬ್ಯಾಟರಿಯ ಲೆಕ್ಕವನ್ನು ಮೊದಲೇ ಮುಗಿಸಿಬಿಡೋಣ, ಏಕೆಂದರೆ ಅದು ಸತ್ತಿದೆ ಎಂಬುದರಿಂದ ಕಾರಿನ ಸ್ಥಿತಿಯ ಬಗ್ಗೆ ಹೆಚ್ಚೇನೂ ತಿಳಿಯುವುದಿಲ್ಲ. ಈಗಿನ ಕಾರು ಬೀಗ ಹಾಕಿ ನಿಲ್ಲಿಸಿದಾಗಲೂ ಗಡಿಯಾರ, ಅಲಾರಂ, ಕಂಪ್ಯೂಟರುಗಳಿಗಾಗಿ ಚೂರುಪಾರು ವಿದ್ಯುತ್ ಕುಡಿಯುತ್ತಲೇ ಇರುತ್ತದೆ. ಅದು 30 ಮಿಲಿಆಂಪಿಯರ್ ಎಂದುಕೊಂಡರೂ ದಿನಕ್ಕೆ 0.72 ಆಂಪಿಯರ್-ಅವರ್ ಆಯಿತು. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ 48 ದಿನಕ್ಕೆ ಪೂರ್ತಿ ಬರಿದು. ಸೆಲ್ಫ್ ತಿರುಗಿಸುವ ಶಕ್ತಿ ಅದಕ್ಕೂ ಎಷ್ಟೋ ಮೊದಲೇ ಹೋಗಿರುತ್ತದೆ. ಜೂನ್ ಆರಂಭದಲ್ಲಿ ನಿಲ್ಲಿಸಿದ ಕಾರು ಜುಲೈ ಮೂರನೇ ವಾರ ಕಾಣುವ ಮೊದಲೇ ಮೂಕವಾಗುವುದು ರೋಗವಲ್ಲ, ಬರೀ ಗುಣಾಕಾರ. ಹೀಗೆ ಬರಿದಾಗಿ ಕುಳಿತ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಕಟ್ಟಿ, ಮತ್ತೆ ಚಾರ್ಜ್ ಹಿಡಿಯುವ ಶಕ್ತಿ ಶಾಶ್ವತವಾಗಿ ಕುಗ್ಗುತ್ತದೆ. ವಿಶ್ರಾಂತಿಯಲ್ಲಿರುವ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. 12ಕ್ಕಿಂತ ಕೆಳಗಿಳಿದರೆ ಬಹುಪಾಲು ಮುಗಿದಂತೆ. ಬಿಚ್ಚಿ, ಅಂಗಡಿಯಲ್ಲಿ ನಿಧಾನ ಚಾರ್ಜಿಗಿಟ್ಟು, ಹಿಡಿಯದಿದ್ದರೆ ಬದಲಿಸಿದರಾಯಿತು. ನಿಲ್ಲಿಸುವ ದಿನವೇ ನೆಗೆಟಿವ್ ತಂತಿ ಕಳಚಿಟ್ಟಿದ್ದರೆ ಈ ಖರ್ಚಿನ ಬಹುಪಾಲು ತಪ್ಪುತ್ತಿತ್ತು. ಒಂದು ಲಾಭವಂತೂ ಇದೆ. ಸತ್ತ ಬ್ಯಾಟರಿ ಮಾಲೀಕನ ಅವಸರಕ್ಕೆ ಕಡಿವಾಣ ಹಾಕಿ, ಉಳಿದದ್ದನ್ನು ನೋಡಲು ಬಿಡುವು ಕೊಡುತ್ತದೆ.

ಆ ಬಿಡುವಿನಲ್ಲಿ ಮೊದಲು ನೋಡಬೇಕಾದ್ದು ಬ್ರೇಕು. ಬ್ರೇಕ್ ಆಯಿಲ್ ಎಂದು ನಾವು ಕರೆಯುವ ದ್ರವ ನಿಜವಾಗಿ ಎಣ್ಣೆಯಲ್ಲ. ಗ್ಲೈಕಾಲ್ ಜಾತಿಯ ಅದು ಗಾಳಿಯ ತೇವವನ್ನು ರಬ್ಬರ್ ಹೋಸಿನ ಮೂಲಕವೂ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಶೇ 3.7ರಷ್ಟು ನೀರು ಬೆರೆತ ಸ್ಥಿತಿಯಲ್ಲಿ ಅದೇ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 3ರಲ್ಲಿ ಈ ಅಂಕಿಗಳು 205 ಮತ್ತು 140. ಜೋಯಿಡಾದಿಂದ ಕಾರವಾರಕ್ಕೆ ಅಣಶಿ ಘಟ್ಟ ಇಳಿಯುವವರು ಈ ಅಂಕಿಗಳನ್ನು ನೆನಪಿಡಬೇಕು. ತಿರುವಿನ ಮೇಲೆ ತಿರುವು, ಪೆಡಲ್ ಮೇಲಿಂದ ಕಾಲು ತೆಗೆಯಲು ಬಿಡದ ಇಳಿಜಾರು. ಡಿಸ್ಕು ಕಾಯುತ್ತದೆ, ದ್ರವದಲ್ಲಿನ ನೀರು ಆವಿಯಾಗುತ್ತದೆ. ದ್ರವ ಒತ್ತಡ ಸಾಗಿಸುತ್ತದೆ, ಆವಿ ಕುಗ್ಗಿಬಿಡುತ್ತದೆ. ಪೆಡಲ್ ಸೀದಾ ನೆಲ ಮುಟ್ಟುತ್ತದೆ. ಮನೆ ಮುಂದಿನ ಸಪಾಟು ರಸ್ತೆಯಲ್ಲಿ ಚೆನ್ನಾಗಿಯೇ ಹಿಡಿದಿದ್ದ ಬ್ರೇಕು ಘಟ್ಟದಲ್ಲಿ ಕೈಕೊಡುವ ಗುಟ್ಟು ಇದೇ. ಆದ್ದರಿಂದ ಒಂದು ಪೂರ್ತಿ ಮಳೆಗಾಲ ನಿಂತ ಕಾರಿನ ದ್ರವ ಬದಲಿಸಿ ಎಷ್ಟು ವರ್ಷವಾಯಿತೆಂದು ಲೆಕ್ಕವಿಲ್ಲದಿದ್ದರೆ, ನೋಡಲು ಹೇಗೇ ಇರಲಿ, ಚೆಲ್ಲಿ ಹೊಸದು ತುಂಬಿಸುವುದೇ ಸರಿ. ಅದರ ಬೆನ್ನಿಗೇ ಕಾರಿನಡಿ ಹಾದುಹೋಗುವ ಕಬ್ಬಿಣದ ಬ್ರೇಕ್ ಪೈಪುಗಳ ತುಕ್ಕು ನೋಡಬೇಕು. ಪೆಡಲನ್ನು ಬಲವಾಗಿ ತುಳಿದು ಒಂದು ನಿಮಿಷ ಹಾಗೇ ಹಿಡಿದಾಗ ಅದು ಮೆಲ್ಲಗೆ ಕೆಳಗಿಳಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಹ್ಯಾಂಡ್‌ಬ್ರೇಕ್ ಎಳೆದಿಟ್ಟು ಹೋದವರಿಗೆ ಇನ್ನೊಂದು ಬಹುಮಾನ ಕಾದಿರುತ್ತದೆ: ಹಿಂದಿನ ಡ್ರಮ್ಮಿಗೆ ಲೈನಿಂಗ್ ತುಕ್ಕಿನಿಂದಲೇ ಅಂಟಿಕೊಂಡಿರುತ್ತದೆ. ಎಂಜಿನ್ ಬಲದಿಂದ ಎಳೆದು ಬಿಡಿಸಲು ಹೋದರೆ ಲೈನಿಂಗೇ ಕಿತ್ತು ಬರಬಹುದು. ಚಕ್ರ ಬಿಚ್ಚಿ ಡ್ರಮ್ಮಿಗೆ ಸುತ್ತಿಗೆಯಿಂದ ಹದವಾಗಿ ತಟ್ಟುವುದು ಹಳೆಯ, ಇಂದಿಗೂ ಸಲ್ಲುವ ದಾರಿ.

ಇನ್ನು ಪೆಟ್ರೋಲು. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಬೆರೆತಿದೆ. 2022ರಲ್ಲಿ ಅದು ಶೇ 10 ಇತ್ತು. ಹಳಿಯಾಳದವರಿಗೆ ಎಥನಾಲ್ ದೂರದ ವಸ್ತುವೇನಲ್ಲ, ಅಲ್ಲಿನ ಪ್ಯಾರಿ ಸಕ್ಕರೆ ಕಾರ್ಖಾನೆಗೆ ಡಿಸ್ಟಿಲರಿಯೂ ಇದೆ. ಊರ ಕಬ್ಬು ಒಂದಲ್ಲ ಒಂದು ರೂಪದಲ್ಲಿ ಊರ ಕಾರಿಗೇ ಮರಳುತ್ತದೆ ಎನ್ನಬಹುದು. ಎಥನಾಲ್ ನೀರನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಒಂದು ಮಿತಿ ದಾಟಿದರೆ ನೀರೂ ಎಥನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ಪಂಪು ಹೀರುವುದು ತಳದಿಂದಲೇ. ಆದರೆ ಇದರ ಬಗ್ಗೆ ಹಬ್ಬಿರುವ ಗಾಬರಿಯೂ ಕೊಂಚ ಅತಿ. ಎಥನಾಲ್ ಪ್ರಮಾಣ ಹೆಚ್ಚಿದಷ್ಟೂ ಬೇರ್ಪಡುವ ಮುನ್ನ ಹಿಡಿದಿಟ್ಟುಕೊಳ್ಳುವ ನೀರೂ ಹೆಚ್ಚು. ಮುಚ್ಚಳ ಬಿಗಿಯಾಗಿರುವ, ಇಂಜೆಕ್ಷನ್ ವ್ಯವಸ್ಥೆಯ ಈಚಿನ ಕಾರಿನ ಟ್ಯಾಂಕಿಗೆ ಗಾಳಿಯಿಂದಲೇ ಅಷ್ಟು ನೀರು ಬರುವುದು ಅಪರೂಪ. ನಿಜವಾದ ಅಪಾಯ ಇರುವುದು ಹಳೆಯ ಗಾಡಿಗಳಿಗೆ: ಮುಚ್ಚಳದ ರಬ್ಬರ್ ಬಿರುಕುಬಿಟ್ಟ ಜೀಪು, ಕಾರ್ಬೊರೇಟರಿನ ಮಾರುತಿ 800, ಅರ್ಧ ಖಾಲಿ ಟ್ಯಾಂಕಿನೊಂದಿಗೆ ನಿಂತ ಅಂಬಾಸಿಡರ್. ಅವುಗಳ ರಬ್ಬರ್ ಪೈಪುಗಳೂ ಎಥನಾಲನ್ನು ತಾಳಿಕೊಳ್ಳಲೆಂದು ಮಾಡಿದವಲ್ಲ. ಪರೀಕ್ಷೆ ಸುಲಭ. ತಳದ ಇಂಧನವನ್ನು ಗಾಜಿನ ಬಾಟಲಿಗೆ ಇಳಿಸಿ, ಬೆಂಕಿಯಿಂದ ದೂರ, ಗಾಳಿಯಾಡುವ ಕಡೆ ಅರ್ಧ ಗಂಟೆ ಇಟ್ಟರೆ ಎರಡು ಪದರ ಕಾಣುತ್ತದೋ ಇಲ್ಲವೋ ತಿಳಿಯುತ್ತದೆ. ಪದರ ಕಂಡರೆ ಮೇಲೆ ಹೊಸ ಪೆಟ್ರೋಲು ಸುರಿದು ಸರಿದೂಗಿಸುವ ಮಾತು ಬೇಡ, ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಬೇಕು. ಕಾಣದಿದ್ದರೂ ಆರು ತಿಂಗಳ ಹಳೆಯ ಪೆಟ್ರೋಲಿನಿಂದ ಬೇಗ ಹೊತ್ತುವ ಹಗುರ ಅಂಶ ಹಾರಿಹೋಗಿ, ಎಂಜಿನ್ ಹಿಡಿಯಲು ತಕರಾರು ಮಾಡಬಹುದು. ಡೀಸೆಲ್ ಗಾಡಿಯವರು ಇದು ತಮಗಲ್ಲವೆಂದು ಪುಟ ತಿರುವಬಾರದು. ಡೀಸೆಲ್ಲಿನಲ್ಲಿ ನೀರು ಕರಗುವುದೇ ಇಲ್ಲವೆನ್ನುವಷ್ಟು ಕಡಿಮೆ. ತಳದಲ್ಲಿ ನಿಂತ ಆ ನೀರಿನ ಅಂಚಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗಿ ಫಿಲ್ಟರ್ ಕಟ್ಟುತ್ತವೆ. ಫಿಲ್ಟರಿನ ಅಡಿಯ ತಿರುಪು ಸಡಿಲಿಸಿ ನೀರು ಬಸಿಯುವುದು ಅಲ್ಲಿ ಮೊದಲ ಕೆಲಸ.

ನೀರು ಎಂಜಿನ್ನಿನೊಳಗೇ ಹೋಗಿದ್ದರೆ ಮಾತು ಬೇರೆಯಾಗುತ್ತದೆ. 2019 ಮತ್ತು 2021ರ ಮಳೆಗಾಲಗಳಲ್ಲಿ ಕಾಳಿ ಕಣಿವೆಯ ಕೆಳಭಾಗದಲ್ಲಿ, ಕದ್ರಾ ಆಸುಪಾಸಿನ ಊರುಗಳಿಗೆ ನೆರೆ ನುಗ್ಗಿತ್ತು. ಅಂಥ ಕಡೆ ಚಕ್ರ ಮುಳುಗುವಷ್ಟು ನೀರಿನಲ್ಲಿ ನಿಂತ ಕಾರಿನ ಸಿಲಿಂಡರಿನೊಳಗೆ ನೀರು ಸೇರಿದ್ದು ಒಂದೆರಡು ಲೋಟದಷ್ಟೇ ಇದ್ದರೂ ಸಾಕು. ನೀರು ಗಾಳಿಯಂತೆ ಒತ್ತಿದರೆ ಕುಗ್ಗುವುದಿಲ್ಲ. ಮೇಲೇರುವ ಪಿಸ್ಟನ್ ಅದಕ್ಕೆ ಬಡಿದು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅಲ್ಲಿಯವರೆಗೆ ಒಣಗಿಸಿ, ಎಣ್ಣೆ ಬದಲಿಸಿ ಉಳಿಸಿಕೊಳ್ಳಬಹುದಾಗಿದ್ದ ಎಂಜಿನ್, ಒಂದು ಸಲ ಕೀಲಿ ತಿರುಗಿಸಿದ್ದಕ್ಕೆ ಗುಜರಿಯ ಪಾಲು. ವಿಮಾ ಕಂಪನಿಗಳು ಈ ವ್ಯತ್ಯಾಸವನ್ನು ಮಾಲೀಕರಿಗಿಂತ ಚೆನ್ನಾಗಿ ಬಲ್ಲವು. ನೆರೆಯಿಂದ ಆದ ಹಾನಿಗೆ ಸಮಗ್ರ ಪಾಲಿಸಿ ಪರಿಹಾರ ಕೊಡುತ್ತದೆ. ನೆರೆಯ ನಂತರ ಸ್ಟಾರ್ಟ್ ಮಾಡಿದ್ದರಿಂದ ಎಂಜಿನ್ ಕೆಟ್ಟರೆ ಅದು ನಂತರದ ಹಾನಿಯೆಂದು, ಎಂಜಿನ್ ರಕ್ಷಣೆಯ ಹೆಚ್ಚುವರಿ ಕವಚ ಇಲ್ಲದವರಿಗೆ, ಸಾಮಾನ್ಯವಾಗಿ ನಿರಾಕರಿಸಲಾಗುತ್ತದೆ. ನೆರೆ ಕಾಣದ ಕಾರಿನಲ್ಲೂ ಆಯಿಲ್ ಕಡ್ಡಿ ಎಳೆದು ನೋಡಬೇಕು. ಎಣ್ಣೆ ಕೆನೆಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಬೆರೆತಿದೆ. ಬದಲಿಸದೆ ಮುಂದಿನ ಹೆಜ್ಜೆ ಇಡುವಂತಿಲ್ಲ.

ಇಲಿಯ ಕಥೆಯನ್ನೂ ನಾನು ನೀರಿನ ಲೆಕ್ಕಕ್ಕೇ ಸೇರಿಸುತ್ತೇನೆ. ಹೊರಗೆಲ್ಲ ಒದ್ದೆಯಾಗಿರುವಾಗ ಬಾನೆಟ್ಟಿನಡಿ ಒಣಗಿದ, ಬೆಚ್ಚಗಿನ, ನಾಯಿ ನುಗ್ಗಲಾರದ ಜಾಗವಿದೆ. ಇಲಿ ಹೆಗ್ಗಣ ಬಿಡುತ್ತವೆಯೇ? ಏರ್ ಫಿಲ್ಟರಿನ ಡಬ್ಬಿಯಲ್ಲಿ ಗೂಡು, ತಂತಿಗಳ ಹೊದಿಕೆಯ ಮೇಲೆ ಹಲ್ಲು. ಇಲಿಯ ಹಿಂದೆ ಹಾವು ಬರುವುದು ಕಾಡಿನಂಚಿನಲ್ಲಿ ಆಶ್ಚರ್ಯವಲ್ಲ, ಆದ್ದರಿಂದ ಬಾನೆಟ್ ಎತ್ತಿ ಕೋಲಿನಿಂದ ತಟ್ಟಿ ನೋಡಿದ ಮೇಲೇ ಕೈ ಹಾಕಬೇಕು. ಮಣ್ಣಿನ ಗೂಡು ಕಟ್ಟುವ ಕಣಜಗಳು ಟ್ಯಾಂಕಿನ ಗಾಳಿಕೊಳವೆಯನ್ನೇ ಮುಚ್ಚಿಬಿಡುವುದುಂಟು. ಸಾಗವಾನಿ ಮರದಡಿ ನಿಂತ ಕಾರಿನದು ಇನ್ನೊಂದು ತಾಪತ್ರಯ. ಮುಂಗಾಜಿನ ಬುಡದ ಜಾಲರಿಯಲ್ಲಿ ಎಲೆ ಕೊಳೆತು ನೀರು ಹರಿದುಹೋಗುವ ತೂತು ಕಟ್ಟುತ್ತದೆ. ತುಂಬಿದ ನೀರು ಡ್ಯಾಶ್‌ಬೋರ್ಡಿನ ಹಿಂದಿನಿಂದ ಒಳಗಿಳಿಯುತ್ತದೆ. ಅನೇಕ ಕಾರುಗಳ ಫ್ಯೂಸ್ ಪೆಟ್ಟಿಗೆ ಮತ್ತು ಕಂಪ್ಯೂಟರುಗಳು ಇರುವುದೂ ಆ ಆಸುಪಾಸಿನಲ್ಲೇ. ಸೀಟಿನ ಮೇಲೆ ಬೂಷ್ಟು ಕಂಡರೆ ಒರೆಸಿ ಸುಮ್ಮನಾಗುವವರೇ ಹೆಚ್ಚು. ಬೂಷ್ಟು ಬಂದಿದೆ ಎಂದರೆ ಕಾಲಡಿಯ ಹಾಸಿನ ಕೆಳಗೆ ತೇವ ಇದೆಯೋ ನೋಡಿ ಎಂದರ್ಥ. ಹಾಸು ಎತ್ತಿ, ಬಿಸಿಲಿಗೆ ಹಾಕಿ, ಬಾಗಿಲುಗಳ ಅಡಿಯ ತೂತು ಬಿಡಿಸಿ, ತಂತಿಯ ಕೀಲುಗಳಲ್ಲಿ ಹಸಿರು ಕಿಲುಬು ಇದ್ದರೆ ಶುಚಿ ಮಾಡಿದ ಮೇಲೇ ಬ್ಯಾಟರಿಯ ತಂತಿ ಜೋಡಿಸಬೇಕು. ಒದ್ದೆ ಕೀಲುಗಳಲ್ಲಿ ಕರೆಂಟು ಹರಿದರೆ ಕಿಲುಬು ವೇಗವಾಗಿ ಬೆಳೆಯುತ್ತದೆ.

ಇಷ್ಟಾದ ಮೇಲೆ ಎಂಜಿನ್. ತಿಂಗಳುಗಟ್ಟಲೆ ನಿಂತ ಎಂಜಿನ್ನಿನ ಗೋಡೆಗಳಿಂದ ಎಣ್ಣೆಯ ಪೊರೆ ಇಳಿದುಹೋಗಿರುತ್ತದೆ. ಎಣ್ಣೆಯಿಲ್ಲದೆ ಉಜ್ಜುವ ಮೊದಲ ಕೆಲವು ಕ್ಷಣಗಳ ಸವೆತವನ್ನು ತಪ್ಪಿಸಲು ಸ್ಪಾರ್ಕ್ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಎಣ್ಣೆಯ ಕೆಲವೇ ಹನಿ ಬಿಟ್ಟು, ಕ್ರ್ಯಾಂಕಿನ ಗಾಲಿಯನ್ನು ಪಾನಾ ಹಾಕಿ ಕೈಯಿಂದಲೇ ಎರಡು ಸುತ್ತು ತಿರುಗಿಸುವುದು ಒಳ್ಳೆಯ ಮೆಕ್ಯಾನಿಕ್‌ನ ಕ್ರಮ. ಕೈಗೆ ತಿರುಗದಿದ್ದರೆ ಸೆಲ್ಫಿಗೂ ತಿರುಗಬಾರದು, ತಿರುಗಿಸಲೂಬಾರದು. ಅನಂತರ ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಆಯಿಲ್ ದೀಪ ಆರುವವರೆಗೆ ಸಣ್ಣ ಸಣ್ಣ ಕಂತುಗಳಲ್ಲಿ ಸೆಲ್ಫ್ ಹೊಡೆದರೆ ಎಣ್ಣೆ ಎಲ್ಲ ಕಡೆ ತಲುಪುತ್ತದೆ. ಫ್ಯೂಸ್ ಮರಳಿಸಿ ನಿಜವಾದ ಸ್ಟಾರ್ಟ್ ಆಮೇಲೆ. ಎದ್ದ ಎಂಜಿನ್ನಿಗೆ ಹುಮ್ಮಸ್ಸಿನಿಂದ ಆಕ್ಸಿಲರೇಟರ್ ಒತ್ತುವ ಚಟ ಬಿಡಬೇಕು. ಸೈಲೆನ್ಸರಿನಿಂದ ಮೊದಲು ಬರುವ ಬಿಳಿ ಹಬೆ, ಕಪ್ಪು ನೀರು ಅಲ್ಲಿ ನಿಂತಿದ್ದ ತೇವವೇ. ಎಂಜಿನ್ ಕಾದ ಮೇಲೂ ಬಿಳಿಹೊಗೆ ನಿಲ್ಲದೆ, ಕೂಲೆಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನ.

ಇಷ್ಟೆಲ್ಲ ಏಕೆ, ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಲದೇ ಎಂಬುದು ಸಾಮಾನ್ಯ ಆಕ್ಷೇಪ. 2020ರ ಮಾರ್ಚಿನ ಲಾಕ್‌ಡೌನ್ ಕಾಲದಲ್ಲಂತೂ ಇದು ಮನೆಮನೆಯ ಸಲಹೆಯಾಗಿತ್ತು. ನೀರಿನ ಕಣ್ಣಿನಿಂದ ನೋಡಿದರೆ ಇದು ಉಪಕಾರದ ವೇಷದ ಅಪಕಾರ. ಪೆಟ್ರೋಲು ಉರಿದಾಗ ಹುಟ್ಟುವ ವಸ್ತುಗಳಲ್ಲಿ ನೀರೂ ಒಂದು. ಎಂಜಿನ್ ಪೂರ್ತಿ ಕಾಯುವ ಮೊದಲೇ ನಿಲ್ಲಿಸಿದರೆ ಆ ಆವಿ ಸೈಲೆನ್ಸರಿನಲ್ಲೂ ಎಣ್ಣೆಯಲ್ಲೂ ತಣಿದು ನಿಲ್ಲುತ್ತದೆ. ಸೆಲ್ಫ್ ಹೊಡೆಯಲು ಖರ್ಚಾದ ವಿದ್ಯುತ್ತೂ ಐದು ನಿಮಿಷದಲ್ಲಿ ಪೂರ್ತಿ ಮರಳುವುದಿಲ್ಲ. ಓಡಿಸುವುದಾದರೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಬೇಕು. ಬ್ರೇಕಿನ ತುಕ್ಕೂ ಆಗ ಉಜ್ಜಿಹೋಗುತ್ತದೆ. ಇಲ್ಲವಾದರೆ ತಂತಿ ಕಳಚಿ ಸುಮ್ಮನೆ ಬಿಡುವುದು ಮೇಲು. ಪ್ಲಾಸ್ಟಿಕ್ ಹೊದಿಕೆಯ ಮಾತೂ ಹೀಗೇ: ಮಳೆ ತಡೆಯುತ್ತದೆ, ನೆಲದಿಂದೇಳುವ ತೇವವನ್ನು ಒಳಗೇ ಹಿಡಿದಿಡುತ್ತದೆ. ಗಾಳಿಯಾಡುವ ತಗಡಿನ ಮಾಡು ಅದಕ್ಕಿಂತ ಎಷ್ಟೋ ವಾಸಿ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ಬಲವಿದೆ. ಹಿಂದಿನವರು ನಾಲ್ಕು ಜನ ಸೇರಿ ತಳ್ಳಿ, ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟು ಎಬ್ಬಿಸುತ್ತಿರಲಿಲ್ಲವೇ? ಎಬ್ಬಿಸುತ್ತಿದ್ದರು, ಗಾಡಿಗಳೂ ಬದುಕಿದವು. ಆ ಎಂಜಿನ್‌ಗಳು ಸರಳ, ಸಡಿಲ. ಕೆಟ್ಟರೂ ರಿಪೇರಿ ಊರಲ್ಲೇ ಮುಗಿಯುತ್ತಿತ್ತು. ಬದುಕದ ಗಾಡಿಗಳ ಕಥೆ ಯಾರೂ ಹೇಳುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಈಗಿನ ಕಾರನ್ನು ತಳ್ಳಿ ತಳ್ಳಿ ಎಬ್ಬಿಸಲು ಹೋದರೆ ಉರಿಯದ ಪೆಟ್ರೋಲು ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರಿಗೆ ಹರಿದು, ಎಂಜಿನ್ ಹತ್ತಿದ ಕೂಡಲೆ ಅಲ್ಲಿ ಉರಿದು ಅದನ್ನೇ ಸುಡಬಹುದು. ಟೈಮಿಂಗ್ ಬೆಲ್ಟ್ ಹಳತಾಗಿದ್ದರೆ ಆ ಜಗ್ಗಾಟಕ್ಕೆ ಹಲ್ಲು ಜಿಗಿಯುವ ಭಯ ಬೇರೆ.

ಖರ್ಚಿಗೆ ತಕ್ಕ ಬೆಲೆ ಬಾಳುತ್ತದೆಯೇ ಎಂಬ ಪ್ರಶ್ನೆಯೂ ನ್ಯಾಯವೇ. ಮಾಲೀಕರು ಇದನ್ನು ಎಂಜಿನ್ ನೋಡಿ ತೀರ್ಮಾನಿಸುತ್ತಾರೆ, ನನ್ನ ಮಟ್ಟಿಗೆ ಅದು ತಪ್ಪು ಅಳತೆ. ಎಂಜಿನ್ ಬಿಚ್ಚಿ ಕೂಡಿಸಬಹುದು. ನೆಲದ ತಗಡು, ಬಾಗಿಲಡಿಯ ಪಟ್ಟಿ, ಸಸ್ಪೆನ್ಷನ್ ಕೂರುವ ಜಾಗ ತುಕ್ಕು ತಿಂದಿದ್ದರೆ ಬೆಸುಗೆಗೂ ಗಟ್ಟಿ ತಗಡು ಉಳಿದಿರುವುದಿಲ್ಲ. ಕಾರನ್ನು ಎತ್ತಿಸಿ, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದಾಗ ಟಣ್ ಎನ್ನದೆ ಬೊದ್ದು ಸದ್ದು ಬಂದ ಕಡೆ ಮೊನೆ ಒತ್ತಿ ನೋಡಿದರೆ ಉತ್ತರ ಸಿಗುತ್ತದೆ, ಒಂದು ರೂಪಾಯಿ ಖರ್ಚಿಲ್ಲದೆ. ಕಾಗದದ ಖರ್ಚೂ ಸೇರಿಸಿಕೊಳ್ಳಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. 2022ರ ಏಪ್ರಿಲ್‌ನಿಂದ ನವೀಕರಣ ಶುಲ್ಕ 5,000 ರೂಪಾಯಿ, 20 ವರ್ಷ ದಾಟಿದವಕ್ಕೆ 2025ರಲ್ಲಿ ಅದು 10,000ಕ್ಕೆ ಏರಿತು. ವಿಮೆ ತಪ್ಪಿ 90 ದಿನ ಕಳೆದರೆ ಕೂಡಿಟ್ಟ ನೋ ಕ್ಲೈಮ್ ಬೋನಸ್ ಹೋಗುತ್ತದೆ, ಥರ್ಡ್ ಪಾರ್ಟಿ ವಿಮೆ ಇಲ್ಲದೆ ರಸ್ತೆಗಿಳಿದರೆ ಮೊದಲ ಸಲವೇ 2,000 ರೂಪಾಯಿ ದಂಡ. ಓಡದ ಕಾರಿಗೆ ವಿಮೆ ಏಕೆಂದು ಬಿಡುವವರು ಒಂದನ್ನು ಮರೆಯುತ್ತಾರೆ: ಮಳೆಗಾಲದ ಮರ ಬೀಳುವುದು ನಿಂತ ಕಾರಿನ ಮೇಲೂ.

ಮೊದಲ ಓಟಕ್ಕೆ ಹಳಿಯಾಳದ ಕಡೆಯ ಸಪಾಟು ರಸ್ತೆ ಹಿತ. ಹೊರಡುವ ಮೊದಲು ಟೈರಿನ ಬದಿಯ ನಾಲ್ಕಂಕಿ ಓದಬೇಕು. 2319 ಎಂದಿದ್ದರೆ ಅದು 2019ರ 23ನೇ ವಾರದ ಟೈರು, ಗುಂಡಿ ಎಷ್ಟೇ ಆಳವಿರಲಿ ರಬ್ಬರ್ ಬಿರುಕು ಬಿಟ್ಟಿದ್ದರೆ ಅದರ ಆಯಸ್ಸು ಮುಗಿದಿದೆ. ಒಂದೇ ಕಡೆ ಭಾರ ಹೊತ್ತು ನಿಂತ ಟೈರು ಮೊದಲ ಕೆಲವು ಕಿಲೋಮೀಟರ್ ದಡದಡ ಎನ್ನುವುದು ಸಹಜ, ಕಾದ ಮೇಲೂ ಹೋಗದಿದ್ದರೆ ಸಹಜವಲ್ಲ. ಐದಾರು ಕಿಲೋಮೀಟರ್ ಮೆಲ್ಲಗೆ ಓಡಿಸಿ, ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿಯಬೇಕು, ತಾಗಿಸಬಾರದು. ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಹೆಚ್ಚು ಕಾದಿದ್ದರೆ ಅಲ್ಲಿ ಬ್ರೇಕು ಬಿಡುತ್ತಿಲ್ಲ, ಕ್ಯಾಲಿಪರಿನ ಪಿಸ್ಟನ್ ತುಕ್ಕಿಗೆ ಕಚ್ಚಿಕೊಂಡಿದೆ. ಅದನ್ನು ಬಿಚ್ಚಿಸಿ ಸರಿಪಡಿಸುವವರೆಗೆ, ಅಣಶಿ ಘಟ್ಟ ಇಳಿದು ಕಾರವಾರಕ್ಕೆ ಹೋಗಬೇಕಾದವರಿಗೆ ಬಸ್ಸೇ ಗತಿ.